ನೂರ ಹತ್ತು ವೋಲ್ಟಿನ ಮದುವೆ ಕೇಕು

ಉದ್ಯಾವರದ ಹಂಚಿನ ಕಾರ್ಖಾನೆಯೊಂದರಲ್ಲಿ ರೈಟರ್ ಆಗಿದ್ದ ಕಜೆಟನ್ ಮಿನೇಜಸ್ ಪಿಯುಸಿಯಲ್ಲಿ ಎರಡು ಸಲ ಫೇಲಾದವನು. ಆದರೆ ಫೇಲಾಗುವ ಮೊದಲು ಓಮನ ನಿಯಮ ಕಲಿತಿದ್ದ. ಉಳಿದ ಪಾಠಗಳೆಲ್ಲ ಪರೀಕ್ಷೆಯ ಮಾರನೆಯ ದಿನವೇ ತಲೆಯಿಂದ ಇಳಿದುಹೋದರೂ ಇದೊಂದು ಮಾತ್ರ ಭೂಮಸೂದೆಯಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲಿನ ಹಾಗೆ ಅಲುಗಾಡದೆ ಕೂತಿತ್ತು. ‘ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ವ್ಯಾಟ್’ ಎಂಬ ಈ ಒಂದೂವರೆ ವಾಕ್ಯದ ಬಲದ ಮೇಲೆ ಅವನು ಊರಿನಲ್ಲಿ ಕರೆಂಟು ಬಲ್ಲವನೆಂದು ಹೆಸರು ಮಾಡಿದ್ದ. ಯಾರ ಮನೆಯಲ್ಲಿ ಫ್ಯೂಸ್ ಹೋದರೂ ಅವನಿಗೇ ಕರೆ. ಅವನು ಬಂದು ಮೊದಲು ನಿಯಮ ವಿವರಿಸಿ ಆಮೇಲೆ ತಂತಿ ಕಟ್ಟುತ್ತಿದ್ದ. ನಿಯಮ ಕೇಳುವ ತಾಳ್ಮೆ ಇಲ್ಲದವರು ಕತ್ತಲಲ್ಲೇ ಉಂಡು ಮಲಗುತ್ತಿದ್ದರು.

ಎಂಬತ್ತನೆಯ ಇಸವಿಯಲ್ಲಿ ಅವನ ಹೆಂಡತಿ ಗ್ಲ್ಯಾಡಿಸಳ ತಮ್ಮ ಸ್ಟ್ಯಾನಿಸ್ಲಾಸ್ ದಮ್ಮಾಮಿನಿಂದ ಒಂದು ಕ್ಯಾಸೆಟ್ ಕಳುಹಿಸಿದ. ಆ ಕಾಲದಲ್ಲಿ ಗಲ್ಫಿನವರು ಕಾಗದ ಬರೆಯುವುದು ಬಿಟ್ಟು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದರು. ಮೊದಲ ಅರ್ಧ ಅಳು, ಆಮೇಲೆ ಒಂದಿಷ್ಟು ಕೆಮ್ಮು, ಕೊನೆಯಲ್ಲಿ ವಿಷಯ.

“ಭಾವ, ರಜೆಗೆ ಬರುವಾಗ ಅಕ್ಕನಿಗೆ ಒಂದು ಓವನ್ ತರ್ತೇನೆ. ಅದರ ಬೆನ್ನಿನಲ್ಲಿ ನೂರ ಹತ್ತು ವೋಲ್ಟು, ಹತ್ತು ಆಂಪಿಯರ್ ಅಂತ ಬರೆದುಂಟು. ಇಲ್ಲಿ ನಮ್ಮ ಕ್ವಾರ್ಟರ್ಸಿನಲ್ಲಿ ಅಷ್ಟೇ ವೋಲ್ಟೇಜ್. ಊರಿನದ್ದು ಇನ್ನೂರ ಇಪ್ಪತ್ತು ಅಲ್ವಾ? ಅದನ್ನು ಅರ್ಧ ಮಾಡುವ ಒಂದು ಸ್ಟೆಪ್‌ಡೌನ್ ಪೆಟ್ಟಿಗೆ ಜೊತೆಗೆ ತಗೊಂಡು ಹೋಗು ಅಂತಾನೆ ಅಂಗಡಿಯವ. ತರಬೇಕಾ?”

ತಾಯಿ ಸತ್ತ ಮೇಲೆ ಸ್ಟ್ಯಾನಿಸ್ಲಾಸನನ್ನು ಎತ್ತಿ ಆಡಿಸಿ ಸಾಕಿದವಳು ಗ್ಲ್ಯಾಡಿಸ್. ತಮ್ಮನ ಧ್ವನಿ ಕೇಳಿ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಗ ಕಜೆಟನ್ ಕ್ಯಾಸೆಟ್ ತಿರುಗಿಸಿ, ಗಂಟಲು ಸರಿಮಾಡಿ, ಉತ್ತರ ಹೇಳಲು ಕುಳಿತ.

“ಸ್ಟ್ಯಾನಿ, ಪೆಟ್ಟಿಗೆ ಬೇಡ. ಅಂಗಡಿಯವನಿಗೆ ಓಮನ ನಿಯಮ ಗೊತ್ತಿಲ್ಲ. ನೂರ ಹತ್ತು ಗುಣಿಸು ಹತ್ತು, ಸಾವಿರದ ನೂರು ವ್ಯಾಟ್. ಅದು ಓವನ್ನಿನ ಹೊಟ್ಟೆ. ಇಲ್ಲಿ ಇನ್ನೂರ ಇಪ್ಪತ್ತು ವೋಲ್ಟಾದರೆ ಐದೇ ಆಂಪಿಯರಿಗೆ ಹೊಟ್ಟೆ ತುಂಬ್ತದೆ. ದೊಡ್ಡ ಸೌಟಿನಲ್ಲಿ ಬಡಿಸಿದರೆ ಮನುಷ್ಯ ಕಡಿಮೆ ಸಲ ಬಡಿಸಿಕೊಳ್ತಾನೆ, ಹಾಗೆ. ಪೆಟ್ಟಿಗೆಯ ಭಾರಕ್ಕೆ ಬೇರೆ ಎಂತಾದರೂ ತಾ.”

ಇಷ್ಟು ಚಂದದ ಲೆಕ್ಕದಲ್ಲಿ ತಪ್ಪು ಇರಬಹುದೆಂದು ಯಾರಿಗಾದರೂ ಹೊಳೆಯುವುದುಂಟೇ? ಸ್ಟ್ಯಾನಿಸ್ಲಾಸನಿಗೂ ಹೊಳೆಯಲಿಲ್ಲ. ಅವನು ಪೆಟ್ಟಿಗೆಯ ಬದಲು ಹುಲಿಯ ಚಿತ್ರವಿದ್ದ ದಪ್ಪ ಕಂಬಳಿಯೊಂದನ್ನು ತಂದ. ಉದ್ಯಾವರದ ಸೆಕೆಯಲ್ಲಿ ಆ ಕಂಬಳಿಯನ್ನು ಯಾರೂ ಹೊದೆಯಲಿಲ್ಲ.

ಓವನ್ ಬಂದ ದಿನ ಕಜೆಟನ್ ಮಧ್ಯಾಹ್ನವೇ ಪ್ಲಗ್ಗು ಚುಚ್ಚಲು ಹೊರಟಿದ್ದ. “ಹೊಸ ವಸ್ತು, ಮೊದಲು ದೇವರ ಹೆಸರು ಹೇಳುವ” ಎಂದು ಗ್ಲ್ಯಾಡಿಸ್ ತಡೆದಳು. ಸಂಜೆ ಏಳಕ್ಕೆ ಮನೆಯವರೆಲ್ಲ ಮೊಣಕಾಲೂರಿ ತೇರ್ಸು ಹೇಳಿ, ಜಪಸರ ಮೊಳೆಗೆ ಸಿಕ್ಕಿಸಿ, ಆಮೇಲೆ ಸ್ವಿಚ್ಚು ಹಾಕಿದರು. ಓವನ್ನಿನೊಳಗಿನ ಸರಳುಗಳು ಹದವಾಗಿ ಕೆಂಪಾದವು. ಒಂದು ಗಂಟೆಯಲ್ಲಿ ಕೇಕು ಹೊಂಬಣ್ಣಕ್ಕೆ ಬಂದು ಉಬ್ಬಿ ನಿಂತಿತು. ಸ್ಟ್ಯಾನಿಸ್ಲಾಸ್ ಭಾವನ ಕೈ ಕುಲುಕಿದ. “ಅಂಗಡಿಯವನ ಹತ್ತಿರ ಹೇಳು” ಎಂದ ಕಜೆಟನ್.

ಸ್ಟ್ಯಾನಿಸ್ಲಾಸ್ ರಜೆ ಮುಗಿಸಿ ಹಿಂದಿರುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಗ್ಲ್ಯಾಡಿಸ್ ಕೇಕಿಗೆ ಹಿಟ್ಟು ಕಲಸಿ ಸ್ವಿಚ್ಚು ಹಾಕಿದಳು. ಸರಳುಗಳು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾದವು. ಕೇಕಿನ ನೆತ್ತಿ ಕಪ್ಪಾಯಿತು. ಮೀಟರ್ ಬೋರ್ಡಿನಲ್ಲಿ ‘ಢಬ್’ ಎಂದು ಫ್ಯೂಸ್ ಹಾರಿತು. “ಸಾಯ್ಬಾ ದೇವಾ!” ಎಂದು ಗ್ಲ್ಯಾಡಿಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಫ್ಯೂಸ್ ಕಟ್ಟುತ್ತಾ ಕಜೆಟನ್ ಜನ್ಮದಲ್ಲಿ ಮೊದಲ ಸಲ ತನ್ನ ನಿಯಮವನ್ನು ತಾನೇ ಕೇಳಿಸಿಕೊಂಡ. ಸೀಮೆಸುಣ್ಣದಿಂದ ಅಡುಗೆಮನೆಯ ನೆಲದಲ್ಲಿ ಬರೆದ. ಬದಲಾಗದೆ ಇರುವುದು ಓವನ್ನಿನ ಹೊಟ್ಟೆಯಲ್ಲ, ಅದರೊಳಗಿನ ಸರಳು. ನೂರ ಹತ್ತನ್ನು ಹತ್ತರಿಂದ ಭಾಗಿಸಿದರೆ ಸರಳಿನ ರೆಸಿಸ್ಟೆನ್ಸ್ ಹನ್ನೊಂದು ಓಮ್. ಆ ಹನ್ನೊಂದರ ಮೇಲೆ ಇನ್ನೂರ ಇಪ್ಪತ್ತು ವೋಲ್ಟು ಹೇರಿದರೆ ಹರಿಯುವುದು ಐದು ಆಂಪಿಯರ್ ಅಲ್ಲ, ಇಪ್ಪತ್ತು. ಇನ್ನೂರ ಇಪ್ಪತ್ತು ಗುಣಿಸು ಇಪ್ಪತ್ತು, ನಾಲ್ಕು ಸಾವಿರದ ನಾನೂರು ವ್ಯಾಟ್. ಎರಡು ಪಟ್ಟು ವೋಲ್ಟೇಜಿಗೆ ನಾಲ್ಕು ಪಟ್ಟು ಬೆಂಕಿ! ಕಜೆಟನ್‌ಗೆ ಕಿವಿ ಬಿಸಿಯಾಯಿತು. ಹಾಗಾದರೆ ಸಂಜೆ ಕೇಕು ಸುಡದೆ ಇದ್ದದ್ದು ಹೇಗೆ?

ಉಡುಪಿಯ ರೇಡಿಯೋ ರಿಪೇರಿಯವನಿಂದ ವೋಲ್ಟ್‌ಮೀಟರ್ ಕೇಳಿ ತಂದು, ಸಂಜೆ ಓವನ್ ಉರಿಯುತ್ತಿರುವಾಗ ಮುಳ್ಳು ನೋಡಿದ. ಅದು ನೂರ ಹತ್ತರ ಮೇಲೆ ನಿಂತಿತ್ತು. ಅವರ ಬೀದಿ ಕರೆಂಟು ಲೈನಿನ ಕಟ್ಟಕಡೆ. ದೀಪ ಹಚ್ಚುವ ಹೊತ್ತಿಗೆ ದಾರಿಯುದ್ದಕ್ಕೂ ಎಲ್ಲರೂ ಹೀರಿ ಉಳಿದ ಚರಟ ಮಾತ್ರ ಅಲ್ಲಿಗೆ ತಲುಪುತ್ತಿತ್ತು. ಆ ಚರಟವೇ ದಮ್ಮಾಮಿನ ಓವನ್ನಿಗೆ ಹಾಲು ಕುಡಿದಷ್ಟು ಹಿತವಾಗಿತ್ತು.

ಇಷ್ಟು ತಿಳಿದವನು ಹೆಂಡತಿಗೆ ನಿಜ ಹೇಳಬೇಕಿತ್ತು. ಹೇಳಿದ್ದರೆ ಪೆಟ್ಟಿಗೆ ಬೇಡ ಎಂದದ್ದು ತನ್ನ ತಪ್ಪೆಂಬುದೂ ಹೊರಬರುತ್ತಿತ್ತು. ಅದಕ್ಕಾಗಿ ಅವನು, “ಹಗಲಿನ ಕರೆಂಟು ಸ್ವಲ್ಪ ಒರಟು, ಗ್ಲ್ಯಾಡಿಸ್. ಕೇಕಿಗೆ ಸಂಜೆಯ ಕರೆಂಟೇ ಒಳ್ಳೆಯದು” ಎಂದ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ವ್ಯತ್ಯಾಸ ಬಲ್ಲ ಗ್ಲ್ಯಾಡಿಸ್ ಇದನ್ನು ಪೂರ್ತಿ ನಂಬಿದಳು. ಇಗರ್ಜಿಯಲ್ಲಿ ಸಿಕ್ಕ ಹೆಂಗಸರಿಗೂ ಹೇಳಿದಳು.

ಹೀಗೆ ಪ್ರತಿ ಶನಿವಾರ ಸಂಜೆ ಕಜೆಟನ್‌ನ ಮನೆಯಲ್ಲಿ ಕೇಕು. ಮತ್ತು ಪ್ರತಿ ಶನಿವಾರ ಸಂಜೆ ಗೋಡೆಯಾಚೆಯ ಹೃಷೀಕೇಶ ಉಪಾಧ್ಯರ ಮನೆಯಲ್ಲಿ ಕತ್ತಲು. ಉಪಾಧ್ಯರು ನಿವೃತ್ತ ಹೆಡ್‌ಮಾಷ್ಟ್ರು. ಅವರ ಹೆಂಡತಿ ರಮಾಮಣಿಯಮ್ಮನಿಗೂ ಗ್ಲ್ಯಾಡಿಸಳಿಗೂ ಹದಿನೈದು ವರ್ಷದ ಸ್ನೇಹ. ಗ್ಲ್ಯಾಡಿಸಳ ಹಿತ್ತಲಿನ ಮಲ್ಲಿಗೆ ದಿನವೂ ಗೋಡೆ ದಾಟಿ ಉಪಾಧ್ಯರ ದೇವರ ಕೋಣೆಗೆ ಹೋಗುತ್ತಿತ್ತು, ಉಪ್ಪಿನಕಾಯಿ ಗೋಡೆ ದಾಟಿ ಈಚೆಗೆ ಬರುತ್ತಿತ್ತು. ಕೇಕು ಮಾತ್ರ ದಾಟುತ್ತಿರಲಿಲ್ಲ. ಅದರಲ್ಲಿ ಮೊಟ್ಟೆ ಇತ್ತು.

ಬೀದಿಯ ಬಲ್ಬುಗಳು ಮೊದಲೇ ಮಂಕು. ಶನಿವಾರ ಅವು ಬೀಡಿಯ ತುದಿಯಷ್ಟೇ ಉರಿಯತೊಡಗಿದವು. ಟೈಲರ್ ಪೀಟರ್ ಒಂದೇ ಶರ್ಟಿಗೆ ಎರಡೂ ಎಡಗೈ ತೋಳು ಹೊಲಿದ. ರಮಾಮಣಿಯಮ್ಮ ಅಕ್ಕಿ ಆರಿಸುವಾಗ ಬಿಟ್ಟುಹೋದ ಒಂದು ಕಲ್ಲು ಉಪಾಧ್ಯರ ಮುಂದಿನ ಹಲ್ಲನ್ನು ತೆಗೆದುಕೊಂಡು ಹೋಯಿತು. ಹಲ್ಲು ಹೋದ ಮಾರನೆಯ ದಿನ ಉಪಾಧ್ಯರು ತಮ್ಮ ಜಗಲಿಯಲ್ಲಿ ಬೀದಿಯವರ ಸಭೆ ಕರೆದರು. ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಅರ್ಜಿ ತಯಾರಾಯಿತು.

“ಕರೆಂಟು ಬಲ್ಲವರು ನೀವು. ಮೊದಲ ರುಜು ನಿಮ್ಮದೇ ಆಗಲಿ, ಪೊರ್ಬುಗಳೇ” ಎಂದು, ಕಿರಿಸ್ತಾನರನ್ನು ಕರೆಯುವ ಊರ ಕ್ರಮದಲ್ಲಿ, ಉಪಾಧ್ಯರು ಕಜೆಟನ್‌ನ ಮುಂದೆ ಪೆನ್ನು ಹಿಡಿದರು.

ಅದೇ ವಾರ ದಮ್ಮಾಮಿನಿಂದ ಇನ್ನೊಂದು ಕ್ಯಾಸೆಟ್ ಬಂದಿತ್ತು. ಸ್ಟ್ಯಾನಿಸ್ಲಾಸನಿಗೂ ಕಾರ್ಕಳದ ಆಲಿಸ್ ಎಂಬ ಹುಡುಗಿಗೂ ಮೇ ತಿಂಗಳಲ್ಲಿ ಮದುವೆ ನಿಶ್ಚಯವಾಗಿತ್ತು. ‘ಅಕ್ಕ, ನನ್ನ ಮದುವೆಯ ಕೇಕು ನಿನ್ನ ಕೈಯದ್ದೇ ಆಗಬೇಕು, ನಾನು ತಂದ ಓವನ್ನಿನಲ್ಲೇ ಆಗಬೇಕು. ಅಮ್ಮ ಇದ್ದಿದ್ದರೆ ಅವಳು ಮಾಡ್ತಿದ್ದಳು’ ಎಂದು ಅವನು ಅತ್ತಿದ್ದ. ಗ್ಲ್ಯಾಡಿಸ್ ಆ ಕ್ಯಾಸೆಟ್ಟನ್ನು ಟೇಪು ಸವೆಯುವಷ್ಟು ಸಲ ಕೇಳಿದ್ದಳು. ಈಗ ಟ್ರಾನ್ಸ್‌ಫಾರ್ಮರ್ ಬಂದರೆ ಸಂಜೆಯ ಕರೆಂಟೂ ಇನ್ನೂರ ಇಪ್ಪತ್ತಾಗುತ್ತದೆ, ಓವನ್ ಸುಟ್ಟು ಕರಕಲಾಗುತ್ತದೆ. ಕಜೆಟನ್ ಪೆನ್ನು ಮುಟ್ಟಲಿಲ್ಲ.

“ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ ಮಾಷ್ಟ್ರೇ. ವೋಲ್ಟೇಜ್ ಜಾಸ್ತಿ ಆದರೆ ಬಲ್ಬು ಬೇಗ ಹೋಗ್ತದೆ. ಕಣ್ಣಿಗೂ ಒಳ್ಳೆಯದಲ್ಲ. ನಮ್ಮ ಹಿರಿಯರು ಚಿಮಣಿ ದೀಪದಲ್ಲಿ ತೊಂಬತ್ತು ವರ್ಷ ಬದುಕಲಿಲ್ವಾ?”

“ಚಿಮಣಿ ದೀಪದಲ್ಲಿ ನನ್ನ ಹಲ್ಲು ಹೋಗಿರಲಿಲ್ಲ” ಎಂದರು ಉಪಾಧ್ಯರು.

“ಎರಡು ಎಡಗೈ ಇರುವ ಗಿರಾಕಿಯನ್ನು ನೀನೇ ಹುಡುಕಿ ಕೊಡು ಮಾರಾಯ” ಎಂದ ಪೀಟರ್.

ಕಜೆಟನ್ ಎದ್ದು ಹೋದ. ಮಾರನೆಯ ಬೆಳಿಗ್ಗೆ ರಮಾಮಣಿಯಮ್ಮ ಮಲ್ಲಿಗೆ ತೆಗೆದುಕೊಳ್ಳುವಾಗ ಧ್ವನಿ ತಗ್ಗಿಸಿ, “ಬಾಯಮ್ಮ, ಪೊರ್ಬುಗಳನ್ನು ಒಮ್ಮೆ ಮಣಿಪಾಲಕ್ಕೆ ತೋರಿಸಿ. ಅಲ್ಲಿ ಈಗ ತಲೆಗೂ ಒಳ್ಳೊಳ್ಳೆಯ ಡಾಕ್ಟರರು ಇದ್ದಾರಂತೆ” ಎಂದರು. ಪೀಟರನ ಅಭಿಪ್ರಾಯ ಬೇರೆಯಾಗಿತ್ತು. ಕರೆಂಟಿನವರು ಬೀದಿಗೆ ಬರುವುದು ಬೇಡ ಎನ್ನುವವನು ಕರೆಂಟು ಕದಿಯುವವನೇ ಇರಬೇಕು ಎಂದು ಅವನು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಎಲ್ಲರಿಗೂ ಹೇಳಿದ. ಒಳ್ಳೆಯ ಮಾತು ನಡೆದು ಹೋಗುತ್ತದೆ, ಕೆಟ್ಟ ಮಾತು ಬಸ್ಸಿನಲ್ಲಿ ಹೋಗುತ್ತದೆ. ಅದು ಸೆಕ್ಷನ್ ಆಫೀಸು ತಲುಪಿ, ಒಂದು ಶನಿವಾರ ಸಂಜೆ ಇಂಜಿನಿಯರ್ ರಘುಪತಿಯವರು ಜೀಪಿನಲ್ಲಿ ಬಂದಿಳಿದರು.

ಅವರು ಮೀಟರು ನೋಡಿದರು, ತಂತಿ ನೋಡಿದರು, ಏಣಿ ಹಾಕಿ ಮಾಡಿನ ಮೇಲೂ ನೋಡಿದರು. ಕಿಟಕಿ ಬಾಗಿಲುಗಳಲ್ಲಿ ಬೀದಿಯೇ ನೆರೆದಿತ್ತು.

“ಕದ್ದದ್ದು ಎಂತದೂ ಇಲ್ಲ” ಎಂದರು ರಘುಪತಿ. ಪೀಟರನ ಮುಖ ಸಣ್ಣದಾಯಿತು. “ಮತ್ತೆ ಅರ್ಜಿಗೆ ಯಾಕೆ ರುಜು ಹಾಕಲಿಲ್ಲ, ಮಿನೇಜಸ್‌ರೇ?”

ಕಜೆಟನ್ ಕೆಮ್ಮಿದ. ಗ್ಲ್ಯಾಡಿಸ್ ಗಂಡನನ್ನು ಕಾಪಾಡುವ ಉತ್ಸಾಹದಲ್ಲಿ ಮುಂದೆ ಬಂದಳು. “ಸರ್, ನಮ್ಮ ಸಂಜೆಯ ಕರೆಂಟು ಕೇಕಿಗೆ ಬಹಳ ಒಳ್ಳೆಯದು ಅಂತ ಇವರು. ಹಗಲಿನದ್ದು ಒರಟು.”

ರಘುಪತಿ ಆ ಮಾತನ್ನು ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ ಓವನ್ನನ್ನು ತಿರುಗಿಸಿ ಬೆನ್ನು ಓದಿ, ವೋಲ್ಟ್‌ಮೀಟರ್ ಹಚ್ಚಿದರು. “ಈಗ ನೂರ ನಲವತ್ತೈದು ಉಂಟು. ಓವನ್ ಹಾಕಿಯಮ್ಮ.”

ಗ್ಲ್ಯಾಡಿಸ್ ಸ್ವಿಚ್ಚು ಹಾಕಿದಳು. ಮುಳ್ಳು ಜಾರಿ ನೂರ ಹತ್ತಕ್ಕೆ ಇಳಿಯಿತು. ಗೋಡೆಯಾಚೆಯಿಂದ ಉಪಾಧ್ಯರ ಧ್ವನಿ ಕೇಳಿತು. “ಓ, ಹೋಯ್ತು!”

“ತೆಗೆಯಿರಿ.”

“ಓ, ಬಂತು!”

“ಪುನಃ ಹಾಕಿ.”

“ಹೋಯ್ತು!” ಈ ಸಲ ಪೀಟರನ ಮನೆಯವರೂ ಸೇರಿ ಕೂಗಿದರು. ರಘುಪತಿ ಇನ್ನೆರಡು ಸಲ ಹಾಕಿಸಿ ತೆಗೆಸಿದರು. ಅಷ್ಟರಲ್ಲಿ ಇಡೀ ಬೀದಿ ಇಗರ್ಜಿಯಲ್ಲಿ ಪಾದ್ರಿ ಹೇಳುವ ಲದಿನ್‌ಗೆ ಉತ್ತರ ಕೊಡುವಂತೆ ಒಂದೇ ರಾಗದಲ್ಲಿ ಹೋಯ್ತು, ಬಂತು ಎನ್ನುತ್ತಿತ್ತು.

“ಹನ್ನೊಂದು ಓಮಿನ ಓವನ್ ಹತ್ತು ಆಂಪಿಯರ್ ಎಳೆಯುತ್ತದೆ, ಆ ಎಳೆತಕ್ಕೆ ಮೂವತ್ತೈದು ವೋಲ್ಟು ದಾರಿಯ ತಂತಿಯಲ್ಲೇ ಬಿದ್ದುಹೋಗ್ತದೆ. ಬೀದಿಯ ಬೆಳಕು ನೀವೇ ಬೇಯಿಸಿ ತಿಂದದ್ದು” ಎಂದರು ರಘುಪತಿ. ಕಜೆಟನ್ ಬೆವರಿದ. ಓವನ್ ಉರಿಯುವಾಗ ಮುಳ್ಳು ನೋಡಿದ್ದನೇ ಹೊರತು ಆರಿಸಿ ನೋಡಬೇಕೆಂದು ಅವನಿಗೆ ತೋಚಿರಲೇ ಇಲ್ಲ. “ನನ್ನ ಸರ್ವಿಸಿನಲ್ಲಿ ವೋಲ್ಟೇಜ್ ಹೆಚ್ಚು ಮಾಡಬೇಡಿ ಅಂದವರು ನೀವೊಬ್ಬರೇ. ಅಲ್ಲ, ಸ್ಟೆಪ್‌ಡೌನ್ ಇಲ್ಲದೆ ಇದನ್ನು ತರಲಿಕ್ಕೆ ಹೇಳಿದ ಮಹಾನುಭಾವ ಯಾರು?”

ಗ್ಲ್ಯಾಡಿಸ್ ನಿಧಾನವಾಗಿ ತಿರುಗಿ ಗಂಡನ ಮುಖ ನೋಡಿದಳು. ದೊಡ್ಡ ಸೌಟಿನ ಮಾತು ಅವಳಿಗೆ ನೆನಪಿತ್ತು.

ರಮಾಮಣಿಯಮ್ಮ ಗೋಡೆಯ ಬಳಿ ಬಂದು ನಿಂತರು. “ಬಾಯಮ್ಮ, ನಾನು ಒಂದು ವರ್ಷ ಕತ್ತಲಲ್ಲಿ ಅಕ್ಕಿ ಆರಿಸಿದ್ದು ನಿಮ್ಮ ಕೇಕಿಗಾ? ಇವರ ಹಲ್ಲು ಹೋದದ್ದು ನಿಮ್ಮ ಕೇಕಿಗಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಮಾರನೆಯ ದಿನದಿಂದ ಅವರು ಹೂವನ್ನು ಉಡುಪಿಯಿಂದ ತರಿಸಿಕೊಂಡರು. ಗ್ಲ್ಯಾಡಿಸಳ ಮಲ್ಲಿಗೆ ಗಿಡದಲ್ಲೇ ಅರಳಿ ಬಾಡಿತು. ಅವಳು ಅದನ್ನು ನೋಡಿ ಒಳಗೊಳಗೇ ಅತ್ತಳು.

ಮದುವೆಗೆ ಎರಡು ವಾರ ಇರುವಾಗ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಸರ್ಕಾರದ ಕೆಲಸ ಬೇಡದವನ ಮನೆಗೆ ಬೇಗ ಬರುತ್ತದೆ. ಸ್ವಿಚ್ಚು ಹಾಕಿದ ಸಂಜೆ ಬೀದಿ ಹಗಲಿನಂತಾಯಿತು; ಬಲ್ಬಿನ ಸುತ್ತ ಇದ್ದ ಜೇಡರ ಬಲೆ ಕಂಡು ಹೆಂಗಸರು ನಾಚಿ ಪೊರಕೆ ಹಿಡಿದರು. ಸ್ಟ್ಯಾನಿಸ್ಲಾಸ್ ಅದಾಗಲೇ ಊರಿಗೆ ಬಂದು ಕಾರ್ಕಳಕ್ಕೂ ಉದ್ಯಾವರಕ್ಕೂ ಓಡಾಡುತ್ತಿದ್ದ. ಉಡುಪಿಯ ಅಂಗಡಿಗಳಲ್ಲಿ ಸ್ಟೆಪ್‌ಡೌನ್ ಪೆಟ್ಟಿಗೆ ಕೇಳಿದರೆ, ಬೊಂಬಾಯಿಯಿಂದ ಬರಬೇಕು, ಒಂದು ತಿಂಗಳಾದೀತು ಎಂದರು.

“ಕೆಳಗೆ ಕೆಂಡ, ಮೇಲೆ ಕೆಂಡ ಇಟ್ಟು ಹಳೆಯ ಕ್ರಮದಲ್ಲಿ ಮಾಡಿದರೆ?” ಎಂದ ಕಜೆಟನ್.

ಗ್ಲ್ಯಾಡಿಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಿತ್ತು. “ಸ್ಟ್ಯಾನಿ ಅಲ್ಲಿಂದ ಹೊತ್ತು ತಂದ ಓವನ್ ಮೂಲೆಯಲ್ಲಿಟ್ಟು ಕೆಂಡ ಊದಲಾ? ಅಮ್ಮ ಇಲ್ಲ ಅಂತ ಅವನು ನನ್ನ ಹತ್ತಿರ ಒಂದು ಕೇಳಿದ. ಪೆಟ್ಟಿಗೆ ಬೇಡ ಅಂದದ್ದು ನೀವಲ್ವಾ? ಈಗ ನೀವೇ ಪೆಟ್ಟಿಗೆ ಆಗಿ” ಎಂದಳು.

ಪೆಟ್ಟಿಗೆಯಾಗುವುದು ಹೇಗೆಂದು ಕಜೆಟನ್ ಮೂರು ದಿನ ಯೋಚಿಸಿದ. ಕಾರ್ಖಾನೆಯಲ್ಲಿ ಹಂಚು ಎಣಿಸುವ ಬದಲು ಹಂಚಿನ ಬೆನ್ನ ಮೇಲೆ ಲೆಕ್ಕ ಬರೆದ. ಓವನ್ನಿನ ಜೊತೆಗೆ ಅದೇ ತಂತಿಯಲ್ಲಿ ಇನ್ನೊಂದು ಹನ್ನೊಂದು ಓಮನ್ನು ಪೋಣಿಸಿದರೆ ಒಟ್ಟು ಇಪ್ಪತ್ತೆರಡು. ಇನ್ನೂರ ಇಪ್ಪತ್ತು ಭಾಗಿಸು ಇಪ್ಪತ್ತೆರಡು, ಸರಿಯಾಗಿ ಹತ್ತು ಆಂಪಿಯರ್. ಸಮ ರೆಸಿಸ್ಟೆನ್ಸ್ ಇದ್ದವರು ವೋಲ್ಟೇಜನ್ನು ಅಣ್ಣತಮ್ಮಂದಿರಂತೆ ಸಮಪಾಲು ಮಾಡಿಕೊಳ್ಳುತ್ತಾರೆ, ನೂರ ಹತ್ತು ಅವನಿಗೆ, ನೂರ ಹತ್ತು ಇವನಿಗೆ. ಆದರೆ ಆ ತಮ್ಮ ಎಲ್ಲಿದ್ದಾನೆ? ಇಸ್ತ್ರಿಪೆಟ್ಟಿಗೆಗೆ ನೂರ ಹತ್ತು ಓಮು, ಅವನೇ ಪಾಲೆಲ್ಲ ನುಂಗುತ್ತಾನೆ. ನೂರು ವ್ಯಾಟಿನ ಬಲ್ಬುಗಳಾದರೆ ನಲವತ್ತನಾಲ್ಕು ಬೇಕು. ಅವನು ಇಗರ್ಜಿಗೆ ಹೋಗಿ ಹಬ್ಬದ ದೀಪಗಳನ್ನು ಕೇಳಿದ. ಫಾದರ್ ಇಮ್ಯಾನುಯೆಲ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಕಜೆಟನ್, ನೀನು ಪಾಪ ಹೇಳಿಕೊಳ್ಳಲಿಕ್ಕೆ ಕುಂಪಸಾರಕ್ಕೆ ಬಂದು ಎಷ್ಟು ಸಮಯ ಆಯ್ತು?” ಎಂದರು.

ತಲೆ ತಗ್ಗಿಸಿ ಮನೆಗೆ ಬಂದವನನ್ನು ಗೋಡೆಯ ಮೇಲಿಂದ ಉಪಾಧ್ಯರು ಕರೆದರು. ಅವರ ಧ್ವನಿಯಲ್ಲಿ ಹೋದ ಹಲ್ಲಿನ ಸೇಡು ಇತ್ತು.

“ನಮ್ಮ ಹೊಸ ಒಲೆ ನೋಡಿದಿರಾ, ಪೊರ್ಬುಗಳೇ? ಕರೆಂಟಿನ ಒಲೆ! ಎರಡು ಕಾಯಿಲಿನದ್ದು. ನಿಮ್ಮ ಓವನ್ ಹತ್ತು ಆಂಪಿಯರ್ ತಾನೇ? ಇದರ ಒಂದೊಂದು ಕಾಯಿಲ್ ಹತ್ತು ಆಂಪಿಯರ್. ಈಗ ಎಷ್ಟು ಬೇಕಾದರೂ ಹಾಕಬಹುದು, ವೋಲ್ಟೇಜ್ ಬಂತಲ್ಲ!”

ಕಜೆಟನ್ ತಟಕ್ಕನೆ ನಿಂತ. ಇನ್ನೂರ ಇಪ್ಪತ್ತು ಭಾಗಿಸು ಹತ್ತು, ಒಂದು ಕಾಯಿಲಿಗೆ ಇಪ್ಪತ್ತೆರಡು ಓಮ್. ಎರಡನ್ನೂ ಒಟ್ಟಿಗೆ ಹಾಕಿದರೆ ಕರೆಂಟಿಗೆ ಎರಡು ದಾರಿ, ಆದ್ದರಿಂದ ರೆಸಿಸ್ಟೆನ್ಸ್ ಅದರ ಅರ್ಧ. ಹನ್ನೊಂದು!

“ಮಾಷ್ಟ್ರೇ!” ಎಂದು ಅವನು ಗೋಡೆ ಹಾರಿ ಉಪಾಧ್ಯರನ್ನು ತಬ್ಬಿಕೊಂಡ. ಹೊಟ್ಟೆ ಉರಿಸಲೆಂದು ಬಂದಿದ್ದ ಉಪಾಧ್ಯರು, “ಇವಳೇ, ಬೇಗ ಬಾ! ಇವರನ್ನು ಮಣಿಪಾಲಕ್ಕೆ ಕರಕೊಂಡು ಹೋಗಬೇಕು!” ಎಂದು ಕಿರುಚಿದರು.

ರಮಾಮಣಿಯಮ್ಮ ಸೌಟು ಹಿಡಿದುಕೊಂಡೇ ಬಂದರು. ಕಜೆಟನ್ ಅವರ ಮುಂದೆ ಕೈಮುಗಿದ. ಓಮನ ನಿಯಮ ಹೇಳಲು ಬಾಯಿ ತೆರೆದು, ಸೌಟು ನೋಡಿ, ತಪ್ಪನ್ನೇ ನೇರವಾಗಿ ಹೇಳಿದ. ಪೆಟ್ಟಿಗೆ ಬೇಡ ಎಂದದ್ದು, ನಿಜ ಬಚ್ಚಿಟ್ಟದ್ದು, ಗ್ಲ್ಯಾಡಿಸಳಿಗೆ ಏನೂ ಗೊತ್ತಿರದೆ ಇದ್ದದ್ದು. “ಅವಳ ತಮ್ಮನ ಕೇಕು ಅಮ್ಮ. ನಿಮ್ಮ ಒಲೆಯ ಎರಡೂ ಕಾಯಿಲ್ ಎರಡು ಗಂಟೆ ಉರಿದರೆ ಅದು ಬೇಯ್ತದೆ. ನಿಮ್ಮ ಪ್ಲಗ್ಗಿನಿಂದ ಒಲೆಗೆ, ಒಲೆಯಿಂದ ಗೋಡೆ ದಾಟಿ ಓವನ್ನಿಗೆ ಒಂದು ವಯರು. ಬೇರೆ ದಾರಿ ಇಲ್ಲ.”

“ಎರಡು ಗಂಟೆ ಒಲೆ ಸುಮ್ಮನೆ ಉರಿಸುವುದಾ?”

“ಸುಮ್ಮನೆ ಅಲ್ಲ. ಎಂತಾದರೂ ಇಡಿ. ಬೆಂಕಿ ಕಾಲು ಪಾಲು ಬರ್ತದೆ, ಸಣ್ಣ ಉರಿ.”

ರಮಾಮಣಿಯಮ್ಮ ಯೋಚಿಸಿದರು. ಹಲಸಿನ ಹಣ್ಣಿನ ಕಾಲ. ಪೆರಟಿ ಕಾಯಿಸಲು ಗಂಟೆಗಟ್ಟಲೆ ಸಣ್ಣ ಉರಿಯೇ ಬೇಕು, ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ. ಹೊಸ ಒಲೆಯ ಆರ್ಭಟಕ್ಕೆ ಹಿಂದಿನ ದಿನವಷ್ಟೇ ಒಂದು ಬಾಣಲೆ ಪೆರಟಿ ಕರಟಿಹೋಗಿತ್ತು.

“ಪೊರ್ಬುಗಳೇ, ಒಂದು ಮಾತು” ಎಂದರು ಅವರು. “ಕೇಕಿಗೆ ಮೊಟ್ಟೆ ಹಾಕ್ತಾರಲ್ವಾ? ಮೊಟ್ಟೆ ಮುಟ್ಟಿದ ಕರೆಂಟು ನನ್ನ ಒಲೆಗೆ ಬರಬಾರದು. ದೇವರಿಗೆ ಇಡುವ ಪೆರಟಿ.”

“ಅಲ್ಲ ಮಾರಾಯ್ತಿ, ಅವರ ಹಿತ್ತಲಿನ ಮಲ್ಲಿಗೆ ನಿನ್ನ ದೇವರ ತಲೆಯ ಮೇಲೇ ಕೂರ್ತದೆ” ಎಂದರು ಉಪಾಧ್ಯರು.

“ಮಲ್ಲಿಗೆ ಬೇರೆ, ಮೊಟ್ಟೆ ಬೇರೆ. ಕರೆಂಟು ಮೊದಲು ನಮಗೆ ಬರಲಿ, ಆಮೇಲೆ ಆಚೆ ಹೋಗಲಿ. ಅಷ್ಟಾದರೆ ಅಡ್ಡಿಯಿಲ್ಲ.”

“ಹಾಗೆಯೇ ಕಟ್ಟುತ್ತೇನೆ ಅಮ್ಮ. ಮೊದಲು ನಿಮಗೆ” ಎಂದ ಕಜೆಟನ್.

ಮದುವೆಯ ಎರಡು ದಿನ ಮೊದಲು ವಯರು ಗೋಡೆ ದಾಟಿತು. ಮದುವೆಗೆ ಕರೆಸಿಕೊಂಡಿದ್ದ ಇಂಜಿನಿಯರ್ ರಘುಪತಿ ಮುಂಚಿತವಾಗಿಯೇ ಬಂದು ನೋಡಿ, “ಒಂದು ಮನೆಯ ಕರೆಂಟು ಇನ್ನೊಂದು ಮನೆಗೆ ಕೊಡುವುದು ನಿಯಮಕ್ಕೆ ವಿರುದ್ಧ. ನಾನು ಇದನ್ನು ನೋಡಿಲ್ಲ” ಎಂದು ಹೇಳಿ, ಸಡಿಲವಾಗಿದ್ದ ಒಂದು ಜೋಡಣೆಯನ್ನು ತಾವೇ ಬಿಗಿ ಮಾಡಿದರು. ಸ್ಟ್ಯಾನಿಸ್ಲಾಸ್ ಹೊರಗೆ ಬಂದು ಬೆರಗಾದ.

“ಇದೆಂತದು ಭಾವ, ವಯರು ಗೋಡೆ ಹಾರಿ ಹೋಗ್ತಾ ಉಂಟು?”

“ನಾನು ಬೇಡ ಅಂದ ಪೆಟ್ಟಿಗೆ ಉಂಟಲ್ಲ ಸ್ಟ್ಯಾನಿ, ಅದೇ ಇದು” ಎಂದ ಕಜೆಟನ್. ಇಷ್ಟು ಚಿಕ್ಕದಾಗಿ ಅವನು ವಿದ್ಯುತ್ತಿನ ಬಗ್ಗೆ ಎಂದೂ ಮಾತಾಡಿರಲಿಲ್ಲ.

ಒಂದು ಕಾಯಿಲಿನ ಮೇಲೆ ಪೆರಟಿ, ಇನ್ನೊಂದರ ಮೇಲೆ ಹಾಲು ಪಾಯಸ. ಗೋಡೆಯ ಈಚೆ ಓವನ್ನಿನೊಳಗೆ ಮದುವೆ ಕೇಕು. ಸರಳುಗಳು ಹಳೆಯ ಸಂಜೆಗಳ ಹಾಗೆ ಹದವಾಗಿ ಕೆಂಪಾದವು. ವೋಲ್ಟ್‌ಮೀಟರಿನ ಮುಳ್ಳು ನೂರ ಹತ್ತರ ಮೇಲೆ ಕೂತಿತು. ಗ್ಲ್ಯಾಡಿಸ್ ಓವನ್ನಿನ ಗಾಜಿನ ಮುಂದೆ, ರಮಾಮಣಿಯಮ್ಮ ಬಾಣಲೆಯ ಮುಂದೆ. ಇಬ್ಬರ ನಡುವೆ ಹತ್ತು ಆಂಪಿಯರ್ ಹರಿಯುತ್ತಿದ್ದರೂ ಒಂದು ಮಾತೂ ಹರಿಯಲಿಲ್ಲ.

ಒಂದು ಗಂಟೆ ಕಳೆಯಿತು. ಕೇಕು ಉಬ್ಬಿ ನಿಲ್ಲುವ ಹೊತ್ತು. ಇದ್ದಕ್ಕಿದ್ದಂತೆ ಸರಳುಗಳ ಕೆಂಪು ಇಳಿಯಿತು, ಮುಳ್ಳು ಎಪ್ಪತ್ತಮೂರಕ್ಕೆ ಜಾರಿತು. ಪಾಯಸ ಆಯಿತೆಂದು ರಮಾಮಣಿಯಮ್ಮ ಪಾತ್ರೆ ಇಳಿಸಿ ಆ ಕಾಯಿಲ್ ಆರಿಸಿದ್ದರು. ಕಜೆಟನ್ ಲೆಕ್ಕ ಹಾಕತೊಡಗಿದ. ಇಪ್ಪತ್ತೆರಡು ಕೂಡಿಸು ಹನ್ನೊಂದು, ಮೂವತ್ತಮೂರು... ಗ್ಲ್ಯಾಡಿಸ್ ಲೆಕ್ಕಕ್ಕೆ ಕಾಯಲಿಲ್ಲ. ಗೋಡೆಗೆ ಓಡಿದಳು.

“ಅಮ್ಮಾ, ಎರಡನೆಯದು ಹಾಕಿ! ಕೇಕು ಕೂತುಹೋಗ್ತದೆ!”

“ಅಯ್ಯೊ ಬಾಯಮ್ಮ! ಇಡಲಿಕ್ಕೆ ಎಂತದೂ ಇಲ್ಲವಲ್ಲ!”

“ನೀರಾದರೂ ಇಡಿಯಮ್ಮ!”

“ಇಟ್ಟೆ, ಇಟ್ಟೆ! ಬಂತಾ?”

“ಬಂತು ಅಮ್ಮ, ಬಂತು!”

ಸರಳು ಮತ್ತೆ ಕೆಂಪಾಯಿತು. ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದ ಇಬ್ಬರೂ ಈಗ ಗೋಡೆಯ ಮೇಲಿಂದ ಕೇಕಿನ ಬಣ್ಣ, ಪೆರಟಿಯ ಪಾಕ, ಕಾರ್ಕಳದ ಹುಡುಗಿಯ ಎತ್ತರ, ಹೋದ ಹಲ್ಲಿನ ಜಾಗಕ್ಕೆ ಕಟ್ಟಿಸುವ ಹಲ್ಲು ಎಲ್ಲವನ್ನೂ ಮಾತಾಡಿದರು. ಗ್ಲ್ಯಾಡಿಸ್ ಬೆಳಿಗ್ಗೆ ಕೊಯ್ದಿಟ್ಟ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ದಾಟಿಸಿದಳು. ಕಜೆಟನ್ ಓವನ್ನಿನ ಬಾಗಿಲು ತೆರೆದು ನೋಡಿದ. ಕೇಕು ಹೊಂಬಣ್ಣಕ್ಕೆ ಬಂದು, ಎಲ್ಲೂ ಬಿರಿಯದೆ ನಿಂತಿತ್ತು. ಸ್ಟ್ಯಾನಿಸ್ಲಾಸ್ ಅಕ್ಕನ ಭುಜದ ಮೇಲೆ ಮುಖ ಇಟ್ಟು ಅತ್ತುಬಿಟ್ಟ. ಈ ಸಲ ಕ್ಯಾಸೆಟ್ ಇರಲಿಲ್ಲ.

ರಮಾಮಣಿಯಮ್ಮ ಪೆರಟಿಯ ಬಾಣಲೆ ಇಳಿಸುವ ಮೊದಲು ಒಮ್ಮೆ ಕೈ ತಡೆದರು.

“ಪೊರ್ಬುಗಳೇ, ನಮ್ಮ ಒಲೆಯಿಂದ ನಿಮ್ಮ ಕೇಕಿಗೆ ಹೋದ ಕರೆಂಟು ಪುನಃ ಈಚೆ ಬರುವುದಿಲ್ಲ ಅಲ್ವಾ?”

ಕಜೆಟನ್ ಬಾಯಿ ತೆರೆದ. ಮನೆಗಳ ಕರೆಂಟು ತೋಡಿನ ನೀರಿನಂತೆ ಒಂದೇ ಕಡೆಗೆ ಹರಿಯುವುದಲ್ಲ. ಸೆಕೆಂಡಿಗೆ ಐವತ್ತು ಸಲ ಹೋಗುತ್ತದೆ, ಐವತ್ತು ಸಲ ಹಿಂದೆ ಬರುತ್ತದೆ. ಈ ಎರಡು ಗಂಟೆಗಳಲ್ಲಿ ಅದು ಪೆರಟಿಯಿಂದ ಕೇಕಿಗೆ, ಕೇಕಿನಿಂದ ಪೆರಟಿಗೆ ಮೂರೂವರೆ ಲಕ್ಷ ಸಲ ಓಡಾಡಿಯಾಗಿತ್ತು. ಇದು ಅವನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಇಷ್ಟು ಸೊಗಸಾದ ಸಂಗತಿಯನ್ನು ವಿವರಿಸುವ ಅವಕಾಶ, ಕೇಳಲು ಇಷ್ಟು ಜನ ಇರುವಾಗ, ಅವನಿಗೆ ಬಾಳಿನಲ್ಲಿ ಸಿಕ್ಕಿರಲಿಲ್ಲ. ಅವನು ಗ್ಲ್ಯಾಡಿಸಳ ಕಡೆಗೆ ನೋಡಿದ. ಅವಳು ಗೋಡೆಗೆ ಒರಗಿ ನಗುತ್ತಾ ನಿಂತಿದ್ದಳು.

“ಬರುವುದಿಲ್ಲ ಅಮ್ಮ. ಹೋದದ್ದು ಹೋಯಿತು” ಎಂದ ಕಜೆಟನ್.

ರಮಾಮಣಿಯಮ್ಮನಿಗೆ ಅವನ ಲೆಕ್ಕದ ಮೇಲೆ ಇನ್ನೂ ಪೂರ್ತಿ ಭರವಸೆ ಇರಲಿಲ್ಲ. ಅವರು ಜಗಲಿಯಲ್ಲಿ ಪೆರಟಿಯ ರುಚಿ ನೋಡುತ್ತಿದ್ದ ರಘುಪತಿಯ ಕಡೆಗೆ ತಿರುಗಿದರು.

“ಹೌದಾ ಇಂಜಿನಿಯರ್ರೇ?”

ರಘುಪತಿ ಕಜೆಟನ್‌ನ ಮುಖ ನೋಡಿದರು. ಬೆರಳಿಗೆ ಅಂಟಿದ್ದ ಪೆರಟಿಯನ್ನು ನಿಧಾನವಾಗಿ ನೆಕ್ಕಿದರು.

“ಹೌದಮ್ಮ. ಹಿಂದೆ ಬರಲಿಕ್ಕೆ ನಮ್ಮ ಇಲಾಖೆಯಲ್ಲಿ ಪರ್ಮಿಶನ್ ಇಲ್ಲ” ಎಂದರು.